ಪೈಜಾಮ ವಿಷಯಕ್ಕೆ

ಪುಟ್ಟಿ,

ನಿನ್ನೆ ರಾತ್ರಿ ಏನಾಯ್ತು ಅಂತ ಇಬ್ರಿಗೂ ಗೊತ್ತು, ಮತ್ತೆ ಅದನ್ನ ಕೆದಕಲ್ಲ. "ನೋಡಿದವರು ಏನಂತಾರೆ" ಅಂದೆನಲ್ಲ, ಅದೊಂದು ಮಾತು ವಾಪಸ್ ತಗೋತೀನಿ. ಉಳಿದಿದ್ದು ತಗೊಳ್ಳಲ್ಲ. ಹನ್ನೊಂದು ಗಂಟೆಗಳ ಫ್ಲೈಟು, ಇಳಿದ ತಕ್ಷಣ ಹೊಸ ಆಫೀಸಿನವರು ಕರ್ಕೊಂಡು ಹೋಗೋಕೆ ಬಂದು ನಿಂತಿರ್ತಾರೆ, ನೀನು ಮೊಣಕಾಲ ಹತ್ರ ಬಣ್ಣ ಹೋಗಿರೋ ಪೈಜಾಮದಲ್ಲಿ ಟ್ರಾಲಿ ತಳ್ಕೊಂಡು ಹೊರಗೆ ಬರ್ತೀನಿ ಅಂದ್ರೆ ನಾನು ಹೆಂಗೆ ಸುಮ್ನಿರ್ಲಿ?

ನನ್ನ ಮೊದಲನೇ ಪ್ಲೇನ್ ಕಥೆ ನಿಂಗೆ ಪೂರ್ತಿ ಹೇಳೇ ಇಲ್ಲ. ಕೋಟು, ಟೈ, ಕಾಲಲ್ಲಿ ಜೊತೆ ಕೆಲಸದವನ ಹತ್ರ ಕೇಳಿ ತಂದ ಕಪ್ಪು ಶೂ, ಅರ್ಧ ಸೈಜ್ ಚಿಕ್ಕದು. ಹತ್ತೋವಾಗ ಏನೂ ಅನ್ನಿಸ್ಲಿಲ್ಲ. ಎರಡು ಗಂಟೆ ಆದ್ಮೇಲೆ ಬೆರಳು ಹಿಂಡೋಕೆ ಶುರು ಆಯ್ತು, ಯಾರೂ ನೋಡ್ತಿಲ್ಲ ಅಂತ ಬಿಚ್ಚಿಟ್ಟೆ, ಅಲ್ಲೇ ಕೆಟ್ಟೆ. ಗಂಟೆಗಟ್ಲೆ ಕೂತಲ್ಲೇ ಕೂತ್ರೆ ರಕ್ತ, ನೀರು ಎಲ್ಲಾ ಕಾಲಿಗೇ ಇಳಿಯತ್ತೆ, ಪಾದ ಊದತ್ತೆ ಅಂತ ಆಗ ನಂಗೇನು ಗೊತ್ತು. ಇಳಿಯೋಕೆ ಅರ್ಧ ಗಂಟೆ ಇದೆ ಅನ್ನೋವಾಗ ಹಾಕ್ಕೊಳಕ್ಕೆ ಹೋದ್ರೆ ಹಿಮ್ಮಡಿ ಒಳಗೆ ಹೋಗ್ತಾನೇ ಇಲ್ಲ. ಊಟದ ಟ್ರೇಯಿಂದ ಎತ್ತಿಟ್ಕೊಂಡಿದ್ದ ಚಮಚ ಇಟ್ಟು ತಳ್ಳಿದೆ, ಚಮಚ ಬಗ್ಗಿತು, ಕಾಲು ಬಗ್ಗಲಿಲ್ಲ. ಪಕ್ಕದ ಸೀಟಿನ ಹೆಂಗಸು ಕಿಟಕಿ ಕಡೆ ಮುಖ ತಿರುಗಿಸ್ಕೊಂಡ್ರು, ನಗು ತಡೆಯೋಕೇ ಇರ್ಬೇಕು. ಕೊನೆಗೆ ಶೂ ಹಿಂಭಾಗ ತುಳಿದು ಚಪ್ಪಲಿ ಥರ ಮಾಡ್ಕೊಂಡು, ಅಷ್ಟುದ್ದ ದಾರಿ ಪಟ ಪಟ ಅಂತ ಸದ್ದು ಮಾಡ್ಕೊಂಡು ನಡೆದೆ. ಮೈಮೇಲೆ ಕೋಟು ಟೈ ನೆನಪಿಟ್ಕೋ. ಕಾಯ್ತಿದ್ದ ಆಫೀಸರ್ ಕೈ ಕುಲುಕಿ ಮುಖ ನೋಡ್ಲಿಲ್ಲ, ಕೆಳಗೆ ನೋಡಿದ್ರು. ಒಂದೇ ಕ್ಷಣ. ಮೀಟಿಂಗಲ್ಲಿ ಏನು ಮಾತಾಡಿದ್ನೋ ಇವತ್ತಿಗೂ ನೆನಪಿಲ್ಲ, ಆ ನೋಟ ನೆನಪಿದೆ. ಶೂ ಕೊಟ್ಟವನಿಗೂ ಹಿಂಭಾಗ ಮುರಿದಿದ್ದು ಹೇಳ್ದೇನೇ ವಾಪಸ್ ಕೊಟ್ಬಿಟ್ಟೆ.

ಹಾಗಾಗಿ ಟೈಟ್ ಶೂ, ಟೈಟ್ ಜೀನ್ಸ್ ಬೇಡ ಅಂತ ನೀನು ಅನ್ನೋದು ಸರಿ. ಒಪ್ಕೊಂಡೆ. ಆದ್ರೆ ಆ ತೆಳ್ಳನೆ ಸ್ಲಿಪ್ಪರ್ ಮಾತ್ರ ಬೇಡ ಪುಟ್ಟಿ. ಎಮರ್ಜೆನ್ಸಿ ಆದ್ರೆ ಅರ್ಧ ಬಾಗಿಲುಗಳಷ್ಟೇ ತೆರೆದ್ರೂ 90 ಸೆಕೆಂಡಲ್ಲಿ ಎಲ್ರೂ ಹೊರಗೆ ಬರೋ ಹಾಗೆ ದೊಡ್ಡ ಪ್ಲೇನ್ ಡಿಸೈನ್ ಮಾಡಿರ್ತಾರೆ, ಆಗ ಚಪ್ಪಲಿ ಹುಡುಕ್ತಾ ಕೂರೋಕಾಗಲ್ಲ. ಹೀಲ್ಸ್ ಆದ್ರೆ, ಬಾಗಿಲಿಂದ ಜಾರಿ ಇಳಿಯೋಕೆ ಬಿಡೋ ಗಾಳಿ ತುಂಬಿದ ಜಾರುಬಂಡೆ ಹರಿಯತ್ತೆ ಅಂತ ಬಿಚ್ಚಿಸ್ತಾರೆ. ನೈಲಾನ್, ಪಾಲಿಯೆಸ್ಟರ್ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟ್ಕೊಳತ್ತೆ, ಹತ್ತಿ ಬಟ್ಟೆ ಹಾಗಲ್ಲ. 2024ರ ಜನವರಿ 2ಕ್ಕೆ ಟೋಕಿಯೋದ ಹನೇಡಾ ಏರ್‌ಪೋರ್ಟಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನ ಪೂರ್ತಿ ಸುಟ್ಟೋಯ್ತು, ಒಳಗಿದ್ದ 379 ಜನಾನೂ ಬದುಕಿ ಬಂದ್ರು, ಟಿವಿ ಮುಂದೆ ಕೂತು ನಾನು ಅವರ ಕಾಲೇ ನೋಡ್ತಿದ್ದೆ. ಹೊರಡೋ ದಿನ ಇದೆಲ್ಲ ಬರೀತಾರಾ ಅಂತ ನಿಮ್ಮಮ್ಮ ಬೈತಾಳೆ, ಅವಳಿಗೆ ತೋರಿಸ್ಬೇಡ.

ಇನ್ನೊಂದು, ಸೆಂಟ್ ಜಾಸ್ತಿ ಹಾಕ್ಕೋಬೇಡ, ಪಕ್ಕದವರು ಎದ್ದು ಹೋಗೋ ಹಾಗಿರಲ್ಲ. ಲೋಹದ ಬಕಲ್ ಬೇಡ. ಒಳಗೆ ಗಾಳಿ ಒಣಾ ಒಣಾ, ಚಳಿ ಬೇರೆ, ಸಾಕ್ಸ್ ಕೈಗೆ ಸಿಗೋ ಹಾಗೆ ಇಟ್ಕೋ. ಶುರು ಮಾಡಿದ ನೋಡು ಅಂತೀಯ. ಹೌದು.

ಆ ಕೆಲ್ಸದ ಮೂರೂ ಇಂಟರ್‌ವ್ಯೂ ನೀನು ಮೇಲೆ ಫಾರ್ಮಲ್ ಶರ್ಟು ಕೆಳಗೆ ಇದೇ ಪೈಜಾಮ ಹಾಕ್ಕೊಂಡು ಕೊಟ್ಟೆ ಅಂತ ನಂಗೆ ಗೊತ್ತು. ಬಾಗಿಲ ಸಂದಿಲಿ ನೋಡಿದೀನಿ. ಕಾಲು ಮಡಚ್ಕೊಂಡು ಕೂತು ಎಷ್ಟು ಧೈರ್ಯವಾಗಿ ಉತ್ತರ ಕೊಡ್ತಿದ್ದೆ. ನನಗಂತೂ ಕೋಟಲ್ಲೂ ಹಾಗೆ ಮಾತಾಡೋಕೆ ಬರಲಿಲ್ಲ.

ಪೈಜಾಮ ಒಗೆದು, ಇಸ್ತ್ರಿ ಮಾಡಿ, ಹೊಸ ಲಾಡಿ ಹಾಕಿ ಹ್ಯಾಂಡ್‌ಬ್ಯಾಗಲ್ಲಿ ಮೇಲೇ ಇಟ್ಟಿದೀನಿ. ಪ್ಲೇನ್ ಒಳಗೆ ಹಾಕ್ಕೋ. ಅದರ ಕೆಳಗೆ ನೀಲಿ ಹತ್ತಿ ಕುರ್ತಾ, ಪ್ಯಾಂಟ್ ಇದೆ, ಇಳಿಯೋಕೆ ಒಂದೂವರೆ ಗಂಟೆ ಮುಂಚೇನೇ ಹೋಗಿ ಬದಲಾಯಿಸ್ಕೋ, ಲೈಟ್ ಹಾಕಿದ್ಮೇಲೆ ಟಾಯ್ಲೆಟ್ ಮುಂದೆ ಕ್ಯೂ ನಿಲ್ಲತ್ತೆ.

ಅಪ್ಪ