ಚಿನ್ ವಂಶ ಮಳೆಯಿಂದ ಬೀಳಲಿಲ್ಲ

ಮಾನ್ಯರೇ,

ಚೀನಾದ ಚಿನ್ ಸಾಮ್ರಾಜ್ಯ 15 ವರ್ಷಕ್ಕೇ ಮುಗಿದದ್ದೇಕೆ ಎಂದು ಬರೆಯುವವರೆಲ್ಲ ಒಂದೇ ಕಥೆ ಹೇಳುತ್ತಾರೆ. ಕ್ರಿ.ಪೂ. 209ರಲ್ಲಿ ಗಡಿ ಕಾವಲಿಗೆ ಹೊರಟ 900 ಮಂದಿ ಮಳೆಗೆ ಸಿಕ್ಕಿಬಿದ್ದರು. ತಡವಾದರೆ ತಲೆದಂಡವೆಂದು ಹೆದರಿ ಚೆನ್ ಶೆಂಗ್, ವು ಗುವಾಂಗ್ ದಂಗೆ ಎದ್ದರು. ಇದು ಸುಮಾರು ನೂರು ವರ್ಷದ ಬಳಿಕ ಇತಿಹಾಸಕಾರ ಸಿಮಾ ಚಿಯೆನ್ ಬರೆದಿಟ್ಟದ್ದು.

1975ರಲ್ಲಿ ಹುಬೇ ಪ್ರಾಂತ್ಯದ ಶುಯ್‌ಹುದಿಯಲ್ಲಿ ಚಿನ್ ಕಾಲದ ಕೆಳಹಂತದ ಅಧಿಕಾರಿಯೊಬ್ಬನ ಗೋರಿ ಸಿಕ್ಕಿತು. ಅದರೊಳಗೆ 1,100ಕ್ಕೂ ಹೆಚ್ಚು ಬಿದಿರಿನ ಪಟ್ಟಿಗಳಿದ್ದವು, ಬಹುಪಾಲು ಕಾನೂನು. ಬಿಟ್ಟಿ ಕೆಲಸಕ್ಕೆ ತಡವಾದರೆ ಅದು ಹೇಳುವ ಶಿಕ್ಷೆ ಇಷ್ಟು: 3ರಿಂದ 5 ದಿನಕ್ಕೆ ಛೀಮಾರಿ, 6ರಿಂದ 10 ದಿನಕ್ಕೆ ಒಂದು ಗುರಾಣಿಯ ಬೆಲೆಯಷ್ಟು ದಂಡ, ಅದಕ್ಕೂ ಮೀರಿದರೆ ಒಂದು ಕವಚದ ದಂಡ. ಮಳೆ ಬಂದರೆ ಆ ಕೆಲಸವೇ ಮಾಫಿ. ಗಡಿ ಕಾವಲಿಗೂ ಇದೇ ನಿಯಮವಿತ್ತೆಂದು ಹೇಳಲಾಗದು. ಆದರೆ ಮಳೆಯೆಂದರೂ ಕೇಳದ ಕುರುಡು ಕಾನೂನು ಎಂಬ ಮಾತು ಇದರ ಮುಂದೆ ನಿಲ್ಲುವುದಿಲ್ಲ. ಮೂಗು ಕೊಯ್ಯುವ, ಮುಖಕ್ಕೆ ಹಚ್ಚೆ ಹಾಕುವ ಕ್ರೌರ್ಯ ಅದರಲ್ಲಿ ಇತ್ತು ನಿಜ. ಜೊತೆಗೆ ಎಲ್ಲದಕ್ಕೂ ಲೆಕ್ಕವೂ ಇತ್ತು. 120 ಜಿನ್ (ಅಂದಿನ ತೂಕದ ಅಳತೆ) ತೂಗುವ ಕಡೆ ಒಂದು ಜಿನ್ ವ್ಯತ್ಯಾಸ ಬಂದರೆ ಅಧಿಕಾರಿಗೆ ಕವಚದ ದಂಡ, ಅರ್ಧ ಜಿನ್ ಬಂದರೆ ಗುರಾಣಿಯ ದಂಡ. ಶಾಂಘೈ ವಸ್ತುಸಂಗ್ರಹಾಲಯದಲ್ಲಿರುವ, ಹಿಡಿಯುಳ್ಳ ಕಂಚಿನ ಅಳತೆಯನ್ನೇ ನೋಡಿ. ಸುಮಾರು 202 ಮಿಲಿಲೀಟರ್ ಹಿಡಿಯುತ್ತದೆ. ಬದಿಯಲ್ಲಿ ಚಿನ್ ಇನ್ನೂ ಒಂದು ರಾಜ್ಯವಷ್ಟೇ ಆಗಿದ್ದ ಕ್ರಿ.ಪೂ. 344ರ ಬರಹ, ತಳದಲ್ಲಿ 221ರ ಚಕ್ರವರ್ತಿಯ ಆಜ್ಞೆ. 123 ವರ್ಷವಾದರೂ ಅಳತೆ ಬದಲಾಗಿರಲಿಲ್ಲ!

ಹಾಗಾದರೆ ಎಡವಿದ್ದು ಎಲ್ಲಿ? ದಂಗೆಯನ್ನು ಚಿನ್ ಸೇನೆ ತಡೆದಿತ್ತು. ಚಕ್ರವರ್ತಿಯ ಗೋರಿ ಕಟ್ಟುತ್ತಿದ್ದ ಕೈದಿಗಳಿಗೆ ಕ್ಷಮೆ ಕೊಟ್ಟು, ಆಯುಧ ಕೊಟ್ಟು ಹೊರಟ ಚಿನ್ ಸೇನಾಪತಿ ಚಾಂಗ್ ಹಾನ್ ಚೆನ್ ಶೆಂಗನ ಪಡೆಯನ್ನು ಕೆಲವೇ ತಿಂಗಳಲ್ಲಿ ಮುರಿದ. ಸೋತ ಚೆನ್ ಶೆಂಗನನ್ನು ಅವನ ಸಾರಥಿಯೇ ಕೊಂದ.

ಕೆಟ್ಟದ್ದು ಅರಮನೆ. ಕ್ರಿ.ಪೂ. 210ರಲ್ಲಿ ಪ್ರವಾಸದಲ್ಲಿದ್ದ ಚಕ್ರವರ್ತಿ ಶಾಚಿಯುನಲ್ಲಿ ಸತ್ತಾಗ ಅರಮನೆಯ ಅಧಿಕಾರಿ ಚಾವೋ ಗಾವೋ ಮತ್ತು ಮಂತ್ರಿ ಲೀ ಸಿ ಸುದ್ದಿ ಮುಚ್ಚಿಟ್ಟರು. ಹೆಣದ ವಾಸನೆ ತಿಳಿಯದಿರಲೆಂದು ಬಂಡಿಗಳಲ್ಲಿ ಉಪ್ಪುಮೀನು ಹೇರಿಸಿದರು. ನಕಲಿ ಆಜ್ಞೆ ಕಳಿಸಿ ಹಿರಿಯ ಮಗ ಫುಸುವನ್ನು ಸಾಯಿಸಿದರು. ಉತ್ತರದ ಗಡಿಯಲ್ಲಿ ಮೂರು ಲಕ್ಷ ಸೇನೆಗೆ ಒಡೆಯನಾಗಿದ್ದ ಮೆಂಗ್ ಥಿಯೆನ್‌ಗೂ ಅದೇ ಗತಿಯಾಯಿತು. ಎರಡು ವರ್ಷದೊಳಗೆ ಲೀ ಸಿ ಕೂಡ ಚಾವೋ ಗಾವೋನ ಕೈಯಲ್ಲಿ ಸತ್ತ. ಆಮೇಲೆ, ಜುಲುವಿನಲ್ಲಿ ಸೋಲಾದಾಗ ಚಾಂಗ್ ಹಾನ್ ರಾಜಧಾನಿಗೆ ದೂತನನ್ನು ಕಳಿಸಿದ. ಚಾವೋ ಗಾವೋ ಅವನನ್ನು ಮೂರು ದಿನ ಬಾಗಿಲಲ್ಲೇ ನಿಲ್ಲಿಸಿದ, ಮುಖ ಕೊಡಲಿಲ್ಲ. ಗೆದ್ದರೂ ಸಾವು, ಸೋತರೂ ಸಾವು ಎಂದು ಅರಿತ ಚಾಂಗ್ ಹಾನ್ ಸೇನೆಯೊಂದಿಗೆ ದಂಗೆಕೋರರ ನಾಯಕ ಶಿಯಾಂಗ್ ಯುಗೆ ಶರಣಾದ. ಕೊನೆಯ ದೊರೆ ಚಿಯಿಂಗ್ ಆಳಿದ್ದು 46 ದಿನ.

ಇನ್ನು ಮುಂದೆ ಈ ವಿಷಯ ಪ್ರಕಟಿಸುವಾಗ ಮಳೆಯ ಕಥೆಯ ಪಕ್ಕದಲ್ಲಿ ಆ ಬಿದಿರಿನ ಪಟ್ಟಿಗಳಿಗೂ ಜಾಗ ಕೊಡಬೇಕೆಂದು ವಿನಂತಿ.

– ಇತಿಹಾಸದ ಓದುಗ, ಮೈಸೂರು