ಕುದುರೆಗೆ ಹೆದರಿದ ಹುಡುಗನಿಂದ ಶುರುಮಾಡು

ಚಿ. ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಮನಃಶಾಸ್ತ್ರದ ತರಗತಿಯಲ್ಲಿ ಜೈವಿಕ, ವರ್ತನಾವಾದಿ, ಮನೋವಿಶ್ಲೇಷಣೆ, ಸಂಜ್ಞಾನಾತ್ಮಕ, ಮಾನವತಾವಾದಿ, ವಿಕಾಸವಾದಿ, ಸಾಮಾಜಿಕ-ಸಾಂಸ್ಕೃತಿಕ ಎಂದು ಏಳು ದೃಷ್ಟಿಕೋನಗಳನ್ನು ಉರು ಹೊಡೆಸುತ್ತಿದ್ದಾರೆ ಎಂದು ಬರೆದಿದ್ದೀಯ. ಕೊನೆಗೆ ‘ಇದರಲ್ಲಿ ಯಾವುದು ಸರಿ ಅತ್ತೆ?’ ಎಂದೂ ಕೇಳಿದ್ದೀಯ. ನಿಮ್ಮ ಮೇಷ್ಟ್ರು ಕುರುಡರು ಆನೆ ಮುಟ್ಟಿದ ಕಥೆ ಹೇಳಿ, ಎಲ್ಲವೂ ಅಷ್ಟಿಷ್ಟು ಸರಿ ಅಂದರಂತೆ. ನಾನೂ ಪಾಠ ಮಾಡಿದವಳೇ. ಬೆಲ್ ಹೊಡೆಯಲು ಐದು ನಿಮಿಷ ಇರುವಾಗ ಆ ಕಥೆ ಬಹಳ ಉಪಯೋಗಕ್ಕೆ ಬರುತ್ತದೆ. ಆದರೆ ಅದನ್ನೇ ನಂಬಿ ಕೂರಬೇಡ. ಆ ಕುರುಡರೆಲ್ಲ ಆನೆಯನ್ನು ಮುಟ್ಟಿಯಾದರೂ ಮಾತಾಡಿದರು. ನಮ್ಮ ಶಾಸ್ತ್ರದಲ್ಲಿ ಮುಟ್ಟದೆಯೇ ವರ್ಣಿಸಿದವರೂ ಉಂಟು.

ಆ ಪಟ್ಟಿಯನ್ನು ಸ್ವಲ್ಪ ಪಕ್ಕಕ್ಕಿಡು. ಒಂದೇ ಒಂದು ಹೆದರಿಕೆಯನ್ನು ಹಿಡಿದುಕೊಂಡು ನೋಡೋಣ. 1908ರ ವಿಯೆನ್ನಾದಲ್ಲಿ ಇನ್ನೂ ಐದು ತುಂಬದ ಒಬ್ಬ ಹುಡುಗ, ಕುದುರೆ ಕಚ್ಚುತ್ತದೆ ಎಂದು ಬೀದಿಗಿಳಿಯಲು ಹೆದರತೊಡಗಿದ. ಅವನ ಅಪ್ಪ ಫ್ರಾಯ್ಡ್ ಅವರ ಅನುಯಾಯಿ. ನಮಗೇ ಗೊತ್ತಿರದ ಒಳ ಆಸೆ-ಭಯಗಳನ್ನು ಕೆದಕುವ ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದವರೇ ಈ ಫ್ರಾಯ್ಡ್. ಅಪ್ಪ ಮಗನ ಮಾತುಗಳನ್ನೆಲ್ಲ ಬರೆದು ಅವರಿಗೆ ಕಳಿಸುತ್ತಿದ್ದ. 1909ರಲ್ಲಿ ಫ್ರಾಯ್ಡ್ ಅದನ್ನು ‘ಲಿಟ್ಲ್ ಹಾನ್ಸ್’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಅವರ ಪ್ರಕಾರ ಕುದುರೆ ಎಂದರೆ ಅಪ್ಪ. ಕುದುರೆಯ ಕಣ್ಣುಪಟ್ಟಿ ಅಪ್ಪನ ಕನ್ನಡಕ, ಬಾಯಿಯ ಸುತ್ತಲಿನ ಕಪ್ಪು ಅಪ್ಪನ ಮೀಸೆ. ತಾಯಿಯ ಮೇಲಿನ ಆಸೆಗೆ ಅಪ್ಪ ಶಿಕ್ಷೆ ಕೊಡುತ್ತಾನೆಂಬ ಒಳಭಯ ಕುದುರೆಯ ಮೇಲೆ ಹೊರಳಿಕೊಂಡಿದೆ ಎಂದರು.

ಓದಲು ರೋಚಕವಾಗಿದೆ, ಒಪ್ಪುತ್ತೇನೆ. ಆದರೆ ಚಿಕಿತ್ಸೆಯ ಅಷ್ಟೂ ಅವಧಿಯಲ್ಲಿ ಫ್ರಾಯ್ಡ್ ಆ ಹುಡುಗನನ್ನು ಕೂರಿಸಿಕೊಂಡು ಮಾತಾಡಿದ್ದು ಒಂದೇ ಸಲ. ಉಳಿದದ್ದೆಲ್ಲ ಅಪ್ಪನ ಬಾಯಿಂದ ಬಂದದ್ದು, ಆ ಅಪ್ಪನೋ ಉತ್ತರವನ್ನು ಮೊದಲೇ ನಂಬಿದ್ದವನು. ಅದೇ ವರದಿಯಲ್ಲಿ ಇನ್ನೊಂದು ಸಂಗತಿ ಇದೆ. ಜನರನ್ನು ತುಂಬಿಕೊಂಡ ಗಾಡಿ ಎಳೆಯುತ್ತಿದ್ದ ಕುದುರೆಯೊಂದು ಬೀದಿಯಲ್ಲಿ ಬಿದ್ದು ಕಾಲು ಬಡಿದದ್ದನ್ನು ಹುಡುಗ ಕಣ್ಣಾರೆ ಕಂಡಿದ್ದ. ತನಗೆ ಹೆದರಿಕೆ ಹತ್ತಿದ್ದು ಆವಾಗಲೇ ಎಂದು ಅವನೇ ಹೇಳಿದ್ದ. 1960ರಲ್ಲಿ ವೋಲ್ಪೆ ಮತ್ತು ರಾಕ್‌ಮನ್ ಎಂಬ ವರ್ತನಾವಾದಿಗಳು, ಅಂದರೆ ನಡವಳಿಕೆಯನ್ನು ಕಲಿಕೆಯಿಂದ ವಿವರಿಸುವವರು, ಈ ಸಾಲನ್ನೇ ಎತ್ತಿ ಹಿಡಿದು, ಇದು ಕಲಿತ ಭಯ, ಮೀಸೆ ಕನ್ನಡಕಗಳ ಹಂಗು ಇದಕ್ಕೆ ಬೇಕಿಲ್ಲ ಎಂದರು. 1973ರಲ್ಲಿ, ತಾಯಿ-ಮಗುವಿನ ನಂಟನ್ನು ಅಭ್ಯಾಸ ಮಾಡಿದ ಬೋಲ್ಬಿ ಮತ್ತೆ ಅದೇ ವರದಿ ಓದಿ, ಬಿಟ್ಟು ಹೋಗುತ್ತೇನೆ ಎಂದು ತಾಯಿ ಹೆದರಿಸುತ್ತಿದ್ದುದರ ಕಡೆ ಬೆರಳು ತೋರಿಸಿದರು. ಅಮ್ಮನನ್ನು ಬಿಟ್ಟು ಹೊರಗೆ ಹೋಗುವ ಅಂಜಿಕೆ ಎಂದರು. ಇನ್ನು ಆ ಹುಡುಗ, ಹತ್ತೊಂಬತ್ತು ವರ್ಷದವನಾಗಿ 1922ರಲ್ಲಿ ಫ್ರಾಯ್ಡ್ ಮುಂದೆ ಬಂದು ನಿಂತಾಗ ಅವನಿಗೆ ಇದೊಂದೂ ನೆನಪಿರಲಿಲ್ಲ!

ಹಾಗೆಂದು ವರ್ತನಾವಾದಿಗಳ ಕೈಗೆ ಕಿರೀಟ ಕೊಟ್ಟುಬಿಡಬೇಡ. 1920ರಲ್ಲಿ ವಾಟ್ಸನ್ ಮತ್ತು ರೇನರ್ ಅಮೆರಿಕದಲ್ಲಿ ಹನ್ನೊಂದು ತಿಂಗಳ ಮಗುವೊಂದರ ಮುಂದೆ ಬಿಳಿ ಇಲಿ ಬಿಟ್ಟು, ಮಗು ಕೈ ಚಾಚಿದಾಗ ಹಿಂದಿನಿಂದ ಕಬ್ಬಿಣದ ಸಲಾಕೆಯನ್ನು ಸುತ್ತಿಗೆಯಲ್ಲಿ ಬಡಿದರು. ಭಯ ಕಲಿಸಬಹುದು ಎಂದು ತೋರಿಸಿದರು, ಅದನ್ನು ಬಿಡಿಸದೆಯೇ ಮಗುವನ್ನು ಕಳಿಸಿಕೊಟ್ಟರು. ನನಗೆ ಇವರಿಗಿಂತ ಮೇರಿ ಕವರ್ ಜೋನ್ಸ್ ಮೇಲೆ ಹೆಚ್ಚು ಗೌರವ. 1924ರಲ್ಲಿ ಆಕೆ ಮೊಲಕ್ಕೆ ಹೆದರುತ್ತಿದ್ದ, ಮೂರು ವರ್ಷ ತುಂಬಿರದ ಪೀಟರ್ ಎಂಬ ಮಗುವನ್ನು ಊಟಕ್ಕೆ ಕೂರಿಸಿ, ಪಂಜರದ ಮೊಲವನ್ನು ದೂರದಲ್ಲಿಟ್ಟು, ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಮೊಲಕ್ಕೆ ಹೆದರದ ಮಕ್ಕಳನ್ನೂ ಜೊತೆಗೆ ಆಡಲು ಬಿಟ್ಟರು. ಕೊನೆಗೆ ಪೀಟರ್ ಮೊಲದ ಮೈ ಸವರಿದ. ಇವತ್ತು ಹಲ್ಲಿಗೋ ಲಿಫ್ಟಿಗೋ ಹೆದರುವವರಿಗೆ ಮಾಡುವ ಚಿಕಿತ್ಸೆಯ ಬೇರು ಇಲ್ಲಿದೆ. ಸಿದ್ಧಾಂತ ಮಾತಾಡುವುದು ಎಲ್ಲರಿಗೂ ಬರುತ್ತದೆ. ಮಗುವಿನ ಹೆದರಿಕೆ ಹೋಯಿತೋ ಇಲ್ಲವೋ, ಅದನ್ನು ನೋಡು.

ಕಲಿಕೆಯೇ ಎಲ್ಲವೂ ಆಗಿದ್ದರೆ ಹೂವಿಗೂ ಅಷ್ಟೇ ಸಲೀಸಾಗಿ ಹೆದರಲು ಕಲಿಯಬೇಕಿತ್ತು. 1980ರ ದಶಕದ ಕೊನೆಯಲ್ಲಿ ಕುಕ್ ಮತ್ತು ಮಿನೆಕಾ ಪ್ರಯೋಗಾಲಯದಲ್ಲೇ ಬೆಳೆದ ಕೋತಿಗಳಿಗೆ ವಿಡಿಯೊ ತೋರಿಸಿದರು: ಒಂದರಲ್ಲಿ ಇನ್ನೊಂದು ಕೋತಿ ಹಾವಿಗೆ ಬೆಚ್ಚುತ್ತದೆ, ಇನ್ನೊಂದರಲ್ಲಿ ಅದೇ ಬೆಚ್ಚುವಿಕೆಯನ್ನು ಕತ್ತರಿಸಿ ಹೂವಿನ ಎದುರು ಜೋಡಿಸಲಾಗಿದೆ. ನೋಡಿದ ಕೋತಿಗಳು ಹಾವಿಗೆ ಹೆದರಲು ಕಲಿತವು, ಹೂವಿಗೆ ಕಲಿಯಲಿಲ್ಲ. ಕೆಲವು ಭಯಗಳನ್ನು ಬೇಗ ಕಲಿಯುವ ಒಲವು ವಿಕಾಸದಿಂದಲೇ ಬಂದಿದೆ ಎನ್ನುವವರು ವಿಕಾಸವಾದಿಗಳು. ಅವರು ಹೇಳುವುದರಲ್ಲಿ ನನಗೆ ಇಂಥ ಕೆಲಸ ರುಚಿಸುತ್ತದೆ. ಗಂಡಸರು ಹೀಗೆ ಹೆಂಗಸರು ಹಾಗೆ, ಎಲ್ಲ ಗುಹೆಯಲ್ಲಿದ್ದಾಗಿಂದ ಬಂದದ್ದು ಎಂಬ ಹರಟೆ ಬಂದಾಗ ಮಾತ್ರ ಪುರಾವೆ ಕೇಳು.

ಮಿದುಳಿನ ವಿಷಯಕ್ಕೆ ಬಂದರೆ, ಮಿದುಳಿನ ಒಳಗಿನ ಆಮಿಗ್ಡಲ ಎಂಬ ಪುಟ್ಟ ಭಾಗವೇ ಭಯದ ಕೇಂದ್ರ ಎಂದು ನೋಟ್ಸಿನಲ್ಲಿ ಬರೆದುಕೊಂಡಿರುತ್ತೀಯ. ಎರಡೂ ಬದಿಯ ಆಮಿಗ್ಡಲ ಹಾಳಾದ ಒಬ್ಬ ಮಹಿಳೆ ಇದ್ದಾರೆ, ಸಂಶೋಧಕರು ಎಸ್.ಎಂ. ಎಂದಷ್ಟೇ ಕರೆಯುತ್ತಾರೆ. ಹಾವನ್ನು ಕೈಯಲ್ಲಿ ಹಿಡಿದು ಆಡಿಸಿದವರು. 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಂಗಾಲದ ಡೈಆಕ್ಸೈಡ್ ಬೆರೆತ ಗಾಳಿ ಉಸಿರಾಡಿಸಿದರೆ ಅವರೇ ಗಾಬರಿಬಿದ್ದು ಮುಖದ ಮಾಸ್ಕ್ ಕಡೆ ಕೈಮಾಡಿ ಸಹಾಯಕ್ಕೆ ಕೂಗಿದರು. ಭಯಕ್ಕೆ ಒಂದೇ ಬಾಗಿಲು ಎಂದು ನೋಟ್ಸಿನಲ್ಲಿದ್ದರೆ ಹೊಡೆದುಹಾಕು.

ಯೋಚನೆಯ ದಾರಿಯನ್ನು ತಿದ್ದುವ ಬೆಕ್ ಅವರ ಸಂಜ್ಞಾನಾತ್ಮಕ ಚಿಕಿತ್ಸೆ, ಎದುರಿನವರನ್ನು ತೀರ್ಪಿಲ್ಲದೆ ಆಲಿಸುವ ರೋಜರ್ಸ್ ಅವರ ಮಾನವತಾವಾದ ಎರಡನ್ನೂ ನೀನು ಚೆನ್ನಾಗಿಯೇ ಬರೆದಿದ್ದೀಯ, ಅಲ್ಲಿ ನನ್ನದೇನೂ ಇಲ್ಲ. ಒಂದೇ ಮಾತು, ಎದುರಿನವರು ಮಾತು ಮುಗಿಸುವವರೆಗೆ ಕಾಯುವ ಅಭ್ಯಾಸವನ್ನು ರೋಜರ್ಸ್ ಅವರಿಂದ ಕಲಿ. ನಮ್ಮ ಮನೆಯಲ್ಲಿ ಯಾರಿಗೂ ಅದಿಲ್ಲ.

ಸಂಸ್ಕೃತಿಯ ಅಧ್ಯಾಯವನ್ನು ಕೊನೆಗೆ ತಳ್ಳುತ್ತಾರೆ, ನೀನು ತಳ್ಳಬೇಡ. ಮನುಷ್ಯರೆಲ್ಲ ಹೀಗೇ ಎಂದು ಹೇಳುವ ಪ್ರಯೋಗಗಳಲ್ಲಿ ಕುಳಿತವರು ಬಹುಪಾಲು ಪಾಶ್ಚಾತ್ಯ ದೇಶಗಳ ಕಾಲೇಜು ಹುಡುಗರು ಎಂದು ಹೆನ್ರಿಕ್ ಮತ್ತು ಸಂಗಡಿಗರು 2010ರಲ್ಲಿ ಎತ್ತಿ ಆಡಿದರು. ನಮ್ಮವರಿಗೆ ಅದು ಮೊದಲೇ ಗೊತ್ತಿತ್ತು. ಮಕ್ಕಳ ಬುದ್ಧಿಮತ್ತೆ ಅಳೆಯುವ ಪ್ಯಾರಿಸ್ಸಿನ ಬಿನೆ ಪರೀಕ್ಷೆಯನ್ನು ಇಲ್ಲಿನ ಮಕ್ಕಳಿಗೆ ಹಾಗೆಯೇ ಕೊಟ್ಟರೆ ಆಗದು ಎಂದು ವಿ.ವಿ. ಕಾಮತ್ ಅವರು 1930ರ ದಶಕದಲ್ಲೇ ಅದನ್ನು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದ್ದರು. ಮುಂದೆ ಕ್ಲಿನಿಕ್ಕಿನಲ್ಲಿ ಕೆಲಸ ಮಾಡಿದರೆ ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರು ನಿನ್ನ ಕಿವಿಗೆ ಬಿದ್ದೇ ಬೀಳುತ್ತದೆ.

ಇನ್ನೊಂದು ದೂರು ಬಂದಿದೆ. ಅಜ್ಜಿ ರಾತ್ರಿ ಗ್ಯಾಸ್ ಆಫ್ ಆಗಿದೆಯೇ ಎಂದು ಎದ್ದೆದ್ದು ನೋಡುವುದಕ್ಕೆ ‘ಓಸಿಡಿ’, ಅಂದರೆ ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುವ ಗೀಳಿನ ಕಾಯಿಲೆ, ಅಂದೆಯಂತೆ. ಅವರನ್ನು ಯಾವಾಗಿಂದ ಹಾಗೆ ನೋಡುತ್ತಿದ್ದಾರೆಂದು ಕೇಳಿದೆಯಾ? ನೋಡದಿದ್ದರೆ ನಿದ್ದೆ ಬರುವುದಿಲ್ಲವೇ, ಇಲ್ಲ ನೋಡಿ ಬಂದು ಐದೇ ನಿಮಿಷಕ್ಕೆ ಗೊರಕೆಯೇ? ಹಿಂದೆ ಎಂದಾದರೂ ಸ್ಟೌ ಉರಿಯುತ್ತಲೇ ಉಳಿದಿತ್ತೇ? ಹೆಸರಿಡುವ ಕೆಲಸ ಇದೆಲ್ಲ ಆದ ಮೇಲೆ. ಅದೂ ನಿನ್ನದಲ್ಲ, ಡಾಕ್ಟರದ್ದು.

ಸೆಮಿನಾರಿಗೆ ಏಳನ್ನೂ ಹೇಳಲು ಹೋಗಬೇಡ. ಹಾನ್ಸ್ ಒಬ್ಬನನ್ನೇ ತಗೋ. ಒಂದು ಹಾಳೆಯನ್ನು ಉದ್ದಕ್ಕೆ ಮಡಚಿ, ಎಡಗಡೆ ಹುಡುಗ ಸ್ವತಃ ಆಡಿದ ಮಾತು, ಬಲಗಡೆ ದೊಡ್ಡವರು ಅದಕ್ಕೆ ಹಚ್ಚಿದ ಅರ್ಥ ಬರೆಯುತ್ತಾ ಹೋಗು. ಫ್ರಾಯ್ಡ್ ಅವರ ಆ ವರದಿಯ ಪುಸ್ತಕ ನನ್ನ ಬೀರುವಿನಲ್ಲಿದೆ, ಮುಂದಿನ ವಾರ ನಿಮ್ಮಪ್ಪ ಬಂದಾಗ ಕೊಟ್ಟು ಕಳಿಸುತ್ತೇನೆ. ಅಂಚಿನಲ್ಲೆಲ್ಲ ನನ್ನ ಪೆನ್ಸಿಲ್ ಗೀಟುಗಳಿವೆ, ನಿನ್ನ ಹಾಳೆ ತುಂಬುವವರೆಗೆ ಅವನ್ನು ಓದಬೇಡ.

ಇಂತಿ,
ನಿನ್ನ ಅತ್ತೆ