ಹ್ಯಾವ್‌ಲಾಕ್‌ನಿಂದ ಚಿಪ್ಪು ತರುವ ಮುಂಚೆ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪ್ರವಾಸದ ಪುಟದಲ್ಲಿ ಅಂಡಮಾನಿನ ಬಗ್ಗೆ ಆಗಾಗ ಓದುತ್ತೇನೆ. ನೋಡುವ ಜಾಗ, ಉಳಿಯುವ ಜಾಗ ಎಲ್ಲ ಇರುತ್ತದೆ. ಕೊನೆಯ ದಿನ ಬ್ಯಾಗಿಗೆ ಏನು ತುಂಬಬಾರದು ಅನ್ನುವುದು ಮಾತ್ರ ಇರುವುದಿಲ್ಲ, ಅದಕ್ಕೇ ಈ ಪತ್ರ.

ಫೆಬ್ರುವರಿಯಲ್ಲಿ ನಾನೂ ನಮ್ಮವರೂ ಹದಿನೆಂಟು ದಿನ ಅಲ್ಲಿ ಸುತ್ತಿದೆವು. ಸೆಲ್ಯುಲಾರ್ ಜೈಲು, ರಂಗತ್, ಡಿಗ್ಲಿಪುರ ಮುಗಿಸಿ ಕೊನೆಯ ನಾಲ್ಕು ದಿನಕ್ಕೆ ಹ್ಯಾವ್‌ಲಾಕ್‌ನಲ್ಲಿ ರೆಸಾರ್ಟ್ ಹಿಡಿದಿದ್ದೆವು. 2018ರಲ್ಲೇ ಅದು ಸ್ವರಾಜ್ ದ್ವೀಪ ಆಗಿದೆ, ನಮ್ಮ ಬಾಯಿಗೆ ಇನ್ನೂ ಹತ್ತಿಲ್ಲ. ಅಷ್ಟು ಹೊತ್ತಿಗೆ ಇಬ್ಬರಿಗೂ ಸಾಕಾಗಿತ್ತು. ಬ್ರೆಡ್ಡು ಆಮ್ಲೆಟ್ಟು ಕಂಡರೆ ಆಗುತ್ತಿರಲಿಲ್ಲ, ತಿಳಿಸಾರು ಅನ್ನ ನೆನಪಾಗುತ್ತಿತ್ತು, ವರಾಂಡದ ಹಗ್ಗದ ಮೇಲಿನ ಬಟ್ಟೆ ಉಪ್ಪುಗಾಳಿಗೆ ಒಣಗುತ್ತಲೇ ಇರಲಿಲ್ಲ. ರಾಧಾನಗರ ಬೀಚಿನಲ್ಲಿ ಸಂಜೆ ಐದೂವರೆಗೇ ಸೂರ್ಯ ಮುಳುಗುತ್ತಾನೆ. ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಬೆಂಗಳೂರಿಗಿಂತ ಒಂದು ಗಂಟೆ ಮುಂದೆ. ಆಮೇಲೆ ಏನು ಮಾಡುವುದು? ನಮ್ಮವರು ಆರೂವರೆಗೆಲ್ಲ ಆಕಳಿಸುತ್ತಿದ್ದರು.

ಹಾಗಾಗಿ ನಾನು ಚಿಪ್ಪು ಆರಿಸುವುದಕ್ಕೆ ಶುರು ಮಾಡಿದೆ. ವಿಜಯನಗರ ಬೀಚಿನಲ್ಲಿ ಇಳಿತದ ಹೊತ್ತಿಗೆ ನೀರು ಎಷ್ಟು ದೂರ ಹೋಗುತ್ತದೆ ಅಂದರೆ, ಬೆಳಗ್ಗೆ ಈಜಿದ ಜಾಗದಲ್ಲಿ ಮಧ್ಯಾಹ್ನ ಚಪ್ಪಲಿ ಹಾಕಿಕೊಂಡು ನಡೆಯಬಹುದು. ಮೊಮ್ಮಗಳಿಗೆ ಇರಲಿ ಅಂತ ಎರಡು, ಪಕ್ಕದ ಮನೆಯವರಿಗೆ ಅಂತ ನಾಲ್ಕು, ಹೀಗೆ ಒಂದು ಕವರ್ ತುಂಬಿತು. ಜತೆಗೆ ಕೊಂಬೆಯಂಥ ಬಿಳಿ ಹವಳದ ಮೂರು ತುಂಡು. ಒಡೆಯಬಾರದಲ್ವಾ, ನಮ್ಮವರ ಕಾಲುಚೀಲದೊಳಗೆ ಸೇರಿಸಿದೆ.

ರಾತ್ರಿ ಕವರಿನಲ್ಲಿ ಸರಸರ ಸದ್ದು. ಇಲಿ ಅಂದುಕೊಂಡು ದೀಪ ಹಾಕಿದರೆ, ಒಂದು ಚಿಪ್ಪು ಮೇಜಿನ ಮೇಲೆ ನಡೆಯುತ್ತಿದೆ! ನೋಡುತ್ತಿದ್ದ ಹಾಗೇ ಇನ್ನೊಂದು.

ಬೆಳಗ್ಗೆ ರೂಮು ಗುಡಿಸುವ ಹುಡುಗ ನೋಡಿ ನಕ್ಕ. ಅವನದು ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬ. "ಅದು ಅದರ ಮನೆ ಮಾಸೀ, ಹಾಗೇ ಬಿಟ್ಟುಬಿಡಿ" ಅಂದ. ಹರ್ಮಿಟ್ ಏಡಿ ಅಂತೆ. ಇದರ ಹಿಂಭಾಗ ಮೆತ್ತಗೆ, ಸ್ವಂತ ಚಿಪ್ಪು ಇಲ್ಲ. ಸತ್ತ ಶಂಖದ ಹುಳುವಿನ ಖಾಲಿ ಚಿಪ್ಪು ಹುಡುಕಿ ಒಳಗೆ ಸೇರುತ್ತದೆ, ಬೆಳೆದಂತೆ ದೊಡ್ಡದಕ್ಕೆ ಬದಲಾಯಿಸುತ್ತದೆ. ಹಾಗಾದರೆ ನಾವು ಖಾಲಿ ಅಂತ ಎತ್ತಿಕೊಳ್ಳುವ ಚಿಪ್ಪೂ ಯಾವುದೋ ಒಂದಕ್ಕೆ ಮುಂದಿನ ಮನೆಯೇ. ಬಾಡಿಗೆ ಮನೆ ಹುಡುಕಿ ಸುಸ್ತಾದವರಿಗೆ ಬೇರೆ ಹೇಳಬೇಕಾಗಿಲ್ಲ.

ಹವಳದ್ದು ಇನ್ನೂ ಗಂಭೀರ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿ ಇರುವ ಪಟ್ಟಿಯಲ್ಲೇ ಹವಳವೂ ಇದೆ. ಸತ್ತು ಬಿಳಿಯಾಗಿ ದಡಕ್ಕೆ ಬಿದ್ದಿದ್ದರೂ ತರುವಂತಿಲ್ಲ. ಗುಂಡು ಹವಳ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆದರೆ ದೊಡ್ಡದು. 2004ರ ಸುನಾಮಿ ತಂದ ಭೂಕಂಪದಲ್ಲಿ ಉತ್ತರ ಅಂಡಮಾನಿನ ನೆಲ ಮೇಲೆದ್ದು ಎಷ್ಟೋ ಹವಳದ ದಿಬ್ಬ ನೀರಿನಿಂದ ಹೊರಗೆ ಬಂದು ಸತ್ತುಹೋಯಿತು. 2010ರಲ್ಲಿ ಸಮುದ್ರ ಬಿಸಿಯಾಗಿ ಇನ್ನಷ್ಟು ಹವಳ ಬೆಳ್ಳಗಾಯಿತು. ಅದರ ಮೇಲೆ ನಾನೂ ಮೂರು ತುಂಡು!

ಕವರ್, ಕಾಲುಚೀಲದ ಹವಳ ಎರಡನ್ನೂ ತೆಗೆದುಕೊಂಡು ಹೋಗಿ ಅದೇ ಬೀಚಿನಲ್ಲಿ ಸುರಿದು ಬಂದೆ. ಕೊನೆಯ ಬೆಳಗು ಹೀಗೇ ಕಳೆಯಿತು, ನಿಜ ಹೇಳಬೇಕೆಂದರೆ ಹದಿನೆಂಟು ದಿನದಲ್ಲಿ ಅದೇ ಚೆನ್ನಾಗಿತ್ತು. ಅರ್ಧ ಗಂಟೆ ಕೂತು ಏಡಿಗಳು ಒಂದೊಂದೇ ಕಾಲು ಹೊರಗೆ ಚಾಚುವುದನ್ನು ನೋಡಿದೆ.

ಏರ್‌ಪೋರ್ಟಿನಲ್ಲಿ ನಮ್ಮ ಮುಂದೆ ಇದ್ದವರು ಕನ್ನಡದವರೇ. ಅಲ್ಲಿನ ಸಿಬ್ಬಂದಿ ಅವರ ಸೂಟ್‌ಕೇಸ್ ತೆಗೆಸಿದರು, ಹವಳದ ತುಂಡು ಎತ್ತಿಟ್ಟುಕೊಂಡರು, ಮಗು ಅಳುತ್ತಿತ್ತು. "ನಮಗೆ ಯಾರೂ ಹೇಳಲೇ ಇಲ್ಲ" ಅಂತ ಆ ತಾಯಿ ಹೇಳುತ್ತಲೇ ಇದ್ದರು. ನಮಗೂ ಯಾರೂ ಹೇಳಿರಲಿಲ್ಲ. ನಾವು ದುಡ್ಡು ಕಟ್ಟಿದ ಟೂರಿನವರು ಊಟ, ಬೋಟು, ಸ್ಕೂಬಾ ಎಲ್ಲ ಹೇಳಿದ್ದರು, ಇದೊಂದು ಬಿಟ್ಟು. ಮೊದಲ ದಿನವೇ ಎರಡು ಮಾತು ಹೇಳಿದರೆ ಅವರ ಗಂಟೇನು ಹೋಗುತ್ತದೆ? ನೀವಾದರೂ ಮುಂದಿನ ಸಲ ಅಂಡಮಾನಿನ ಬಗ್ಗೆ ಹಾಕುವಾಗ ಇದನ್ನೂ ಒಂದು ಸಾಲು ಸೇರಿಸಿ. ಮಕ್ಕಳಿಗೆ ಏನಾದರೂ ತರಲೇಬೇಕು ಅನ್ನುವವರು ಸರ್ಕಾರಿ ಎಂಪೋರಿಯಂನಲ್ಲಿ ಕೊಂಡು ಬಿಲ್ ಇಟ್ಟುಕೊಳ್ಳಲಿ.

ಅಂದಹಾಗೆ, ನಮ್ಮವರ ಆ ಕಾಲುಚೀಲ ಎರಡು ಸಲ ಒಗೆದಾಯಿತು, ಇನ್ನೂ ಮರಳು ಉದುರುತ್ತಿದೆ. ಅದನ್ನು ಮಾತ್ರ ಯಾರೂ ತಡೆಯಲಿಲ್ಲ.

ಇಂತಿ,
ನಿಮ್ಮ ಓದುಗಾರ್ತಿ, ಶಿವಮೊಗ್ಗ